ಜೇನು ಸಂಸಾರಕ್ಕೆ ಜಾಗ ಎಷ್ಟು ಕೊಡಬೇಕು?

ಪ್ರಶ್ನೆ: ಮಳೆಗಾಲ ಮುಗಿಯಿತು. ನನ್ನ ತುಡುವೆ ಜೇನು ಪೆಟ್ಟಿಗೆಯಲ್ಲಿ ನಾಲ್ಕೇ ಎರಿಗಳಿವೆ. ಸಂಸಾರ ಬೇಗ ದೊಡ್ಡದಾಗಲು ಖಾಲಿ ಚೌಕಟ್ಟುಗಳನ್ನೆಲ್ಲ ಒಟ್ಟಿಗೇ ಇಡಬಹುದೇ?

ಉತ್ತರ: ಬೇಡ, ಒಂದು ಸಲಕ್ಕೆ ಒಂದೇ ಸಾಕು. ಮರಿಗಳಿಗೆ ಸುಮಾರು 34 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅದನ್ನು ಕಾಯ್ದುಕೊಳ್ಳುವಷ್ಟು ಹುಳುಗಳಿಲ್ಲದೆ ಜಾಗ ಹಿಗ್ಗಿಸಿದರೆ ಮರಿಗಳು ಥಂಡಿಗೆ ಸಾಯುತ್ತವೆ. ಹುಳುಗಳಿಲ್ಲದ ಎರಿಗೆ ಮೇಣದ ಪತಂಗ ಬೀಳುತ್ತದೆ.

ಮೊದಲು ಹೊಸ ಮೊಟ್ಟೆಗಳಿವೆಯೇ ನೋಡಿ. ಇದ್ದರೆ ರಾಣಿ ಸರಿಯಿದೆ ಎಂದರ್ಥ. ಇರುವ ಎರಿಗಳ ಎರಡೂ ಬದಿಯಲ್ಲಿ ಹುಳುಗಳು ತುಂಬಿದ್ದರೆ, ಮೇಣದ ಹಾಳೆ ಅಂಟಿಸಿದ ಒಂದು ಚೌಕಟ್ಟನ್ನು ಮರಿಗಳಿರುವ ಕೊನೆಯ ಎರಿಯ ಪಕ್ಕಕ್ಕಿಡಿ. ಸಂಸಾರ ಸಣ್ಣದಿರುವಾಗ ಮರಿ ಎರಿಗಳ ನಡುವೆ ತೂರಿಸಬೇಡಿ. ಹೊಸ ಎರಿ ಕಟ್ಟಿ, ಅದರಲ್ಲಿ ಮೊಟ್ಟೆ ಕಂಡ ಮೇಲೆ ಮುಂದಿನದನ್ನು ಇಡಿ. ಕಪ್ಪಾದ ಹಳೆಯ ಎರಿಯನ್ನು ಅಂಚಿಗೆ ಸರಿಸಿ, ಮರಿಗಳೆಲ್ಲ ಹೊರಬಂದ ಬಳಿಕ ತೆಗೆಯಿರಿ.

ಹೂವು ಕಡಿಮೆಯಿದ್ದರೆ ಸಮತೂಕದ ಸಕ್ಕರೆ ಮತ್ತು ನೀರಿನ ಪಾಕವನ್ನು ಸ್ವಲ್ಪಸ್ವಲ್ಪವಾಗಿ, ಸಂಜೆ ಹೊತ್ತು, ಹೊರಗೆ ಚೆಲ್ಲದಂತೆ ಕೊಡಿ. ಆದರೆ ಮರಿಗಳು ಬೆಳೆಯಲು ಪರಾಗವೇ ಬೇಕು. ಕಾಲಲ್ಲಿ ಪರಾಗದ ಉಂಡೆ ಹೊತ್ತ ಹುಳುಗಳು ಬಾಗಿಲಲ್ಲಿ ಕಾಣದಿದ್ದರೆ, ಪೆಟ್ಟಿಗೆಯನ್ನು ಹೂವಿರುವ ಕಡೆಗೆ ಒಯ್ಯುವುದೇ ಮೇಲು. ಮೇಲೆ ಜೇನು ಕೋಣೆ ಇಡುವ ಮೊದಲು ಪಾಕ ನಿಲ್ಲಿಸಿ.

ಮೊಟ್ಟೆಯೊಂದು ಕೆಲಸಗಾರ ಹುಳುವಾಗಲು ಸುಮಾರು 3 ವಾರ ಹಿಡಿಯುತ್ತದೆ, ಹಾಗಾಗಿ ಅವಸರ ಬೇಡ. ಪೆಟ್ಟಿಗೆ ತುಂಬಿದ ಮೇಲೆ ಎರಿಗಳ ಕೆಳಅಂಚಿನಲ್ಲಿ ರಾಣಿಕೋಶಗಳು ಕಂಡರೆ ಹುಳುಗಳು ಪಾಲಾಗಿ ಹಾರಲು ತಯಾರಾಗಿವೆ. ಆಗ ನೀವೇ ಸಂಸಾರವನ್ನು ಎರಡು ಪೆಟ್ಟಿಗೆಗೆ ಪಾಲು ಮಾಡಬಹುದು.