ಬೆಟ್ಟದ ಬುಡದ ಫಲಕ ಮತ್ತು ಕಲಂ 115

ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟದ ಮೇಲಕ್ಕೆ ಖಾಸಗಿ ವಾಹನ ಬಿಡುವುದಿಲ್ಲ ಎಂಬುದು ಮೈಸೂರಿನವರಿಗೆ ಗೊತ್ತಿರುವ ಸಂಗತಿ. ಕಾರು, ಬೈಕುಗಳನ್ನು ಲಲಿತ ಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸು ಹತ್ತಬೇಕು. ಇಲ್ಲವೇ ಪಾದದಿಂದ ಸಾವಿರ ಮೆಟ್ಟಿಲು ಏರಬೇಕು. ತಿರುವುಗಳೇ ತುಂಬಿರುವ ಆ ರಸ್ತೆಯಲ್ಲಿ ಒಂದೇ ಬೆಳಗ್ಗೆ ಸಾವಿರಾರು ವಾಹನಗಳು ನುಗ್ಗಿದರೆ ಏನಾದೀತು ಎಂದು ಯಾರೂ ವಿವರಿಸಿ ಹೇಳಬೇಕಿಲ್ಲ. ನಿರ್ಬಂಧ ಸರಿಯಾದದ್ದೇ. ಆದರೆ ಎಲ್ಲರಿಗೂ ಸೇರಿದ ಸಾರ್ವಜನಿಕ ರಸ್ತೆಗೆ ಒಂದು ದಿನದ ಮಟ್ಟಿಗೆ ಅಡ್ಡಗಟ್ಟೆ ಇಡುವ ಅಧಿಕಾರ ಎಲ್ಲಿಂದ ಬರುತ್ತದೆ, ಆ ಅಧಿಕಾರಕ್ಕೆ ಯಾವ ಷರತ್ತು ಅಂಟಿಕೊಂಡಿದೆ ಎಂಬುದು ಅಡ್ಡಗಟ್ಟೆಯ ಈಚೆ ನಿಂತ ಎಷ್ಟೋ ಜನಕ್ಕೆ ತಿಳಿದಿರುವುದಿಲ್ಲ. ಅಧಿಕಾರ ಇರುವುದು ಮೋಟಾರು ವಾಹನ ಕಾಯ್ದೆ 1988ರ ಕಲಂ 115ರಲ್ಲಿ. ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲಕ್ಕಾಗಿ, ಅಥವಾ ರಸ್ತೆ, ಸೇತುವೆಗಳ ಸ್ವರೂಪವನ್ನು ನೋಡಿ, ರಾಜ್ಯ ಸರ್ಕಾರವಾಗಲಿ ಅದು ಅಧಿಕಾರ ಕೊಟ್ಟ ಪ್ರಾಧಿಕಾರವಾಗಲಿ ಒಂದು ಪ್ರದೇಶದಲ್ಲಿ ವಾಹನ ಸಂಚಾರವನ್ನು ನಿಷೇಧಿಸಬಹುದು, ಮಿತಿಗೊಳಿಸಬಹುದು.

ಕಲಂ ಅಲ್ಲಿಗೇ ನಿಲ್ಲುವುದಿಲ್ಲ. ನಿಷೇಧವನ್ನು ರಾಜ್ಯಪತ್ರದಲ್ಲಿ ಅಧಿಸೂಚನೆಯಾಗಿ ಹೊರಡಿಸಬೇಕು ಎನ್ನುತ್ತದೆ. ಕಲಂ 116ರ ಪ್ರಕಾರ ಸೂಕ್ತ ಜಾಗಗಳಲ್ಲಿ ಸಂಚಾರ ಫಲಕ ಹಾಕಿಸಬೇಕು ಎನ್ನುತ್ತದೆ. ನಿಷೇಧ ಒಂದು ತಿಂಗಳಿಗಿಂತ ಹೆಚ್ಚು ಕಾಲ ಇರುವುದಿಲ್ಲವಾದರೆ ರಾಜ್ಯಪತ್ರದ ಅಗತ್ಯವಿಲ್ಲ, ಆದರೆ ಸಂದರ್ಭಕ್ಕೆ ತಕ್ಕ ಸ್ಥಳೀಯ ಪ್ರಚಾರ ಕೊಡಲೇಬೇಕು ಎಂದೂ ಅದೇ ಉಸಿರಿನಲ್ಲಿ ಹೇಳುತ್ತದೆ. ಆಷಾಢ ಶುಕ್ರವಾರದ ಒಂದು ದಿನದ ತಡೆ ಈ ಎರಡನೆಯ ಬಗೆಗೆ ಸೇರುತ್ತದೆ. 2021ರ ಮಳೆಗೆ ಬೆಟ್ಟದಿಂದ ನಂದಿ ವಿಗ್ರಹದ ಕಡೆಗೆ ಹೋಗುವ ರಸ್ತೆ ಕುಸಿದಾಗ ಅಲ್ಲಿ ವಾಹನ ಸಂಚಾರ ನಿಲ್ಲಿಸಬೇಕಾಯಿತಲ್ಲ, ಅಂಥ ದೀರ್ಘಕಾಲದ ತಡೆ ಮೊದಲನೆಯ ಬಗೆಯದು. ಎರಡಕ್ಕೂ ಸಮಾನವಾದದ್ದು ಒಂದೇ: ಜನರಿಗೆ ತಿಳಿಸುವ ಹೊಣೆ. ಈ ಲೇಖನದ ವಾದವೂ ಅದೇ. ಒಂದು ನಿರ್ದಿಷ್ಟ ಜಾಗಕ್ಕೆ, ನಿರ್ದಿಷ್ಟ ಹೊತ್ತಿಗೆ ಮಾಡಿದ ಸಂಚಾರ ನಿಯಮವನ್ನು ಮೊದಲೇ ತಿಳಿಸಬೇಕಾದದ್ದು ಆಡಳಿತ ತೋರುವ ಸೌಜನ್ಯವೆಂದು ನಾವು ಭಾವಿಸಿದ್ದೇವೆ. ಆದರೆ ಅದು ಕಾನೂನು ನಾಗರಿಕರಿಗೆ ಕೊಟ್ಟಿರುವ ಹಕ್ಕು. ದೇಶದಿಂದ ದೇಶಕ್ಕೆ ಸಂಚಾರ ಕಾನೂನು ಬೇರೆಬೇರೆ ಎಂದು ಮಾತಾಡುವಾಗ ಎಡ, ಬಲಗಳ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ; ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಈ ತಿಳಿಸುವ ಹೊಣೆಯನ್ನು ಯಾವ ದೇಶ ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂಬುದರಲ್ಲಿದೆ.

ಕಾನೂನು ಗೊತ್ತಿರಲಿಲ್ಲ ಎನ್ನುವುದು ನೆಪವಾಗದು, ಹಾಗಿರುವಾಗ ಫಲಕದ ಮಾತೇಕೆ ಎಂದು ಕೇಳುವವರಿದ್ದಾರೆ. ಆಕ್ಷೇಪಣೆಗೆ ತೂಕವಿದೆ. 1964ರಲ್ಲಿ ಮೇಯರ್ ಹಾನ್ಸ್ ಜಾರ್ಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಜ್ಯೂರಿಕ್‌ನಿಂದ ಮನಿಲಾಕ್ಕೆ ಚಿನ್ನ ಒಯ್ಯುತ್ತಿದ್ದ ಆ ಜರ್ಮನ್ ಪ್ರಜೆಯ ವಿಮಾನ ಬೊಂಬಾಯಿಗೆ ಬಂದದ್ದು 1962ರ ನವೆಂಬರ್ 28ರಂದು. ಅವನನ್ನು ಸಿಕ್ಕಿಸಿದ ರಿಸರ್ವ್ ಬ್ಯಾಂಕ್ ಅಧಿಸೂಚನೆ ಪ್ರಕಟವಾದದ್ದು ಅದೇ ತಿಂಗಳ 24ರಂದು. ನಾಲ್ಕು ದಿನದಲ್ಲಿ ವಿದೇಶೀಯನಿಗೆ ಹೇಗೆ ಗೊತ್ತಾಗಬೇಕು ಎಂಬ ವಾದವನ್ನು ಬಹುಮತದ ತೀರ್ಪು ಒಪ್ಪಲಿಲ್ಲ. ಆದರೆ ಅದೇ ನ್ಯಾಯಾಲಯ 1951ರ ಹರ್ಲಾ ಪ್ರಕರಣದಲ್ಲಿ, ಜೈಪುರ ಸಂಸ್ಥಾನದ ಅಫೀಮು ಕಾನೂನು ಎಲ್ಲಿಯೂ ಪ್ರಕಟವಾಗಿರಲಿಲ್ಲವೆಂಬ ಕಾರಣಕ್ಕೇ ಶಿಕ್ಷೆಯನ್ನು ರದ್ದುಮಾಡಿತ್ತು. ನಮ್ಮ ರಾಜ್ಯದಿಂದಲೇ ಹೋದ ಬಿ. ಕೆ. ಶ್ರೀನಿವಾಸನ್ ಪ್ರಕರಣದಲ್ಲಿ 1987ರಲ್ಲಿ ಮತ್ತೆ ಹೇಳಿತು: ಶಾಸನಸಭೆಯ ಬದಲು ಅಧಿಕಾರಿಗಳು ಮಾಡುವ ನಿಯಮಗಳು ಸದ್ದಿಲ್ಲದೆ ಹುಟ್ಟುವುದರಿಂದ ಅವುಗಳ ಪ್ರಕಟಣೆ ಅತ್ಯಗತ್ಯ, ಮೂಲ ಕಾಯ್ದೆ ಪ್ರಕಟಣೆಗೆ ಒಂದು ವಿಧಾನ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ಈ ಮೂರನ್ನೂ ಒಟ್ಟಿಗೆ ಓದಿದರೆ ಸಿಗುವ ಅರ್ಥ ಸ್ಪಷ್ಟವಾಗಿದೆ. ಪ್ರಕಟವಾದ ನಿಯಮ ಗೊತ್ತಿರಲಿಲ್ಲ ಎನ್ನುವುದು ಬಾಯಿಮಾತಿನ ನೆಪ. ಪ್ರಕಟವೇ ಆಗದ ನಿಯಮವನ್ನು ಮುರಿದಿದ್ದೀರಿ ಎಂಬ ಆರೋಪಕ್ಕೆ ಮಾತ್ರ ಕಾನೂನಿನ ಬಲವಿರುವುದಿಲ್ಲ. ಸಂಚಾರದ ನಿರ್ಬಂಧಗಳಿಗೆ ಪ್ರಕಟಣೆಯ ವಿಧಾನವನ್ನು ಕಲಂ 115 ತಾನೇ ಹೇಳಿಬಿಟ್ಟಿದೆ.

ಎಲ್ಲ ನಿಯಮಕ್ಕೂ ಫಲಕ ಬೇಕು ಎಂದು ಇದರರ್ಥವಲ್ಲ. ಈ ಗೊಂದಲದಿಂದ ದಂಡ ಕಟ್ಟುವವರೇ ಹೆಚ್ಚು. ಇಡೀ ದೇಶಕ್ಕೆ ಅನ್ವಯಿಸುವ ನಿಯಮಗಳನ್ನು ಸ್ಟೀರಿಂಗ್ ಹಿಡಿಯುವ ಮೊದಲೇ ತಿಳಿದಿರಬೇಕು. ಮೈಸೂರಿನ ಗೋಕುಲಂಗೆ ಯೋಗ ಕಲಿಯಲು ಬರುವ ವಿದೇಶೀಯರು ಬಾಡಿಗೆ ಸ್ಕೂಟರಿನಲ್ಲಿ ಬೆಟ್ಟಕ್ಕೆ ಹೋಗುತ್ತಾರೆ. ಅವರು ಅಮೆರಿಕದ ಇಲಿನಾಯ್‌ನವರಾದರೆ ಅಲ್ಲಿ ಹೆಲ್ಮೆಟ್ ಕಡ್ಡಾಯವಲ್ಲ. ಇಲ್ಲಿ ಕಲಂ 129ರ ಪ್ರಕಾರ ಕಡ್ಡಾಯ, ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂತವರಿಗೂ ಬಿಗಿಯಾಗಿ ಜಾರಿಯಲ್ಲಿದೆ. ಇಂಗ್ಲೆಂಡಿನಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಮದ್ಯಸಾರದವರೆಗೆ ವಿನಾಯಿತಿ ಇದೆ. ಸ್ಕಾಟ್ಲೆಂಡ್ 2014ರಲ್ಲಿ ಅದನ್ನು 50ಕ್ಕೆ ಇಳಿಸಿತು, ನಮ್ಮಲ್ಲಿ ಮಿತಿ 30. ಅವರ ಊರಲ್ಲಿ ತಪ್ಪಲ್ಲದ ಪ್ರಮಾಣ ಇಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು ತಂದೀತು. ವಿದೇಶೀಯ ಸವಾರನ ಬಳಿ ತನ್ನ ದೇಶದ ಮೂಲ ಡಿಎಲ್ ಜೊತೆಗೆ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಇರಬೇಕು, ಅದರಲ್ಲಿ ದ್ವಿಚಕ್ರ ವಾಹನದ ವರ್ಗವೂ ಸೇರಿರಬೇಕು. ಕಾರಿನ ಲೈಸೆನ್ಸ್ ಸ್ಕೂಟರಿಗೆ ಸಾಲದು. ಇಲ್ಲವಾದರೆ ಅಪಘಾತವಾದಾಗ ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು, ಆ ಹಣವನ್ನು ವಾಹನದ ಮಾಲೀಕನಿಂದ ವಸೂಲು ಮಾಡಲು ದಾರಿಯಾಗುತ್ತದೆ. ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ತೀರ್ಪಿನ ನಂತರ ನೆಲೆನಿಂತ ಪದ್ಧತಿ ಇದು. ಸ್ಕೂಟರ್ ಬಾಡಿಗೆಗೆ ಕೊಡುವ ನಮ್ಮವರು ಇದನ್ನು ಮನಸ್ಸಿಟ್ಟು ಓದಬೇಕು. ಇದೇ ಮಾತು ತಿರುವುಮುರುವಾಗಿ ಹೊರದೇಶಕ್ಕೆ ಹೊರಟ ಮೈಸೂರಿಗರಿಗೂ ಸಲ್ಲುತ್ತದೆ. ಆರ್‌ಟಿಓ ಕಚೇರಿಗೆ ನಮೂನೆ 4ಎ ಅರ್ಜಿ, 1,000 ರೂಪಾಯಿ ಶುಲ್ಕ ಸಲ್ಲಿಸಿ ಪಡೆಯುವ ಪರವಾನಗಿ ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ.

ಸಂತೋಷದ ವಿಷಯವೆಂದರೆ, ಬೆಟ್ಟದ ರಸ್ತೆಯ ಮುಖ್ಯ ನಿಯಮವೊಂದರಲ್ಲಿ ಬಹಳಷ್ಟು ಲೋಕ ಒಂದೇ ಮಾತು ಆಡುತ್ತದೆ. ಎರಡು ವಾಹನ ಸಲೀಸಾಗಿ ದಾಟಲಾಗದಷ್ಟು ಕಿರಿದಾದ ಇಳಿಜಾರಿನಲ್ಲಿ ಇಳಿಯುವವನು ಪಕ್ಕಕ್ಕೆ ನಿಂತು ಏರುವವನಿಗೆ ದಾರಿ ಬಿಡಬೇಕು. ನಮ್ಮ ಚಾಲನಾ ನಿಯಮಗಳಲ್ಲಿ ಇದು ಇದೆ, ಸ್ವಿಟ್ಜರ್ಲೆಂಡಿನಲ್ಲಿ ಇದೆ, ಕ್ಯಾಲಿಫೋರ್ನಿಯದ ವಾಹನ ಸಂಹಿತೆಯಲ್ಲಿ ಅಗತ್ಯ ಬಿದ್ದರೆ ಇಳಿಯುವವನು ಹಿಂದಕ್ಕೆ ಹೋಗಬೇಕು ಎಂದೇ ಇದೆ. ಭಾರ ಹೊತ್ತು ಏರುತ್ತಿರುವ ಬಸ್ಸು ನಡುವೆ ನಿಂತರೆ ಮತ್ತೆ ಹೊರಡಿಸುವುದು ಕಷ್ಟ ಎಂಬುದು ಇದರ ಹಿಂದಿನ ಸಾಮಾನ್ಯ ಜ್ಞಾನ.

ಜಾಗಕ್ಕೆ ಸೀಮಿತವಾದ ನಿಯಮಗಳಿಗೆ ಬಂದರೆ ದಾರಿಗಳು ಕವಲೊಡೆಯುತ್ತವೆ. ಬ್ರಿಟನ್ನಿನ 1984ರ ರಸ್ತೆ ಸಂಚಾರ ನಿಯಂತ್ರಣ ಕಾಯ್ದೆಯಲ್ಲಿ, ಬೀದಿದೀಪಗಳ ಸಾಲಿಲ್ಲದ ರಸ್ತೆಗೆ ವೇಗಮಿತಿ ಹಾಕಿ ಫಲಕ ಹಾಕದೆ ಇದ್ದರೆ ಆ ಮಿತಿ ಮೀರಿದ್ದಕ್ಕೆ ಯಾರನ್ನೂ ಶಿಕ್ಷಿಸುವಂತಿಲ್ಲ ಎಂದು ನೇರವಾಗಿ ಬರೆದಿದ್ದಾರೆ. ಜರ್ಮನಿಯ ನ್ಯಾಯಾಲಯಗಳು ಸಂಚಾರ ಫಲಕವನ್ನೇ ಒಂದು ಆಡಳಿತ ಆದೇಶವೆಂದು ಪರಿಗಣಿಸುತ್ತವೆ. ಸಾಮಾನ್ಯ ಎಚ್ಚರವಿರುವ ಚಾಲಕನಿಗೆ ಒಂದೇ ನೋಟಕ್ಕೆ ಕಾಣುವಂತಿದ್ದರೆ ಮಾತ್ರ ಆ ಆದೇಶ ಅವನ ಮೇಲೆ ಜಾರಿಯಾಗುತ್ತದೆ. ಎಲೆಗಳ ಮರೆಗೆ ಸರಿದ ಫಲಕ ಆದೇಶವಾಗಿ ಉಳಿಯುವುದಿಲ್ಲ. ಇಟಲಿಯ ಹಳೆಯ ಊರುಗಳಲ್ಲಿ ಹೊರಗಿನ ವಾಹನಗಳಿಗೆ ಪ್ರವೇಶವಿಲ್ಲದ ವಲಯಗಳಿವೆ, ಕ್ಯಾಮೆರಾ ಕಾಯುತ್ತದೆ. ಪರದೇಶದ ಪ್ರವಾಸಿಗೆ ನೋಟಿಸ್ ಕಳಿಸಲು ಅಲ್ಲಿನ ಕಾನೂನು 360 ದಿನ ಕೊಟ್ಟಿದೆ. ತಪ್ಪು ಮಾಡಿದ್ದು ಯಾವಾಗ ಎಂಬ ನೆನಪೇ ಹೋದ ಮೇಲೆ ಬರುವ ಆ ಕಾಗದಕ್ಕೆ ಉತ್ತರ ಹೇಳುವುದು ಹೇಗೆ? ಈ ವಿಷಯದಲ್ಲಿ ನಮ್ಮ ನಿಯಮ ಎಷ್ಟೋ ವಾಸಿ. 2021ರಲ್ಲಿ ಸೇರಿಸಿದ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ಕ್ಯಾಮೆರಾ ಹಿಡಿದ ಅಪರಾಧದ ನೋಟಿಸ್ 15 ದಿನದೊಳಗೆ ಕಳಿಸಬೇಕು, ಕ್ಯಾಮೆರಾ ಇರುವ ಬಗ್ಗೆ ಮೊದಲೇ ಎಚ್ಚರಿಕೆ ಫಲಕವೂ ಇರಬೇಕು. ಬ್ರಿಟನ್ನಿನಲ್ಲಿ ಇದೇ ಬಗೆಯ ನೋಟಿಸಿಗೆ 14 ದಿನದ ಗಡುವು. ಅಂದರೆ ಕಾಗದದ ಮೇಲೆ ನಾವು ಹಿಂದೆ ಬಿದ್ದಿಲ್ಲ. ಬಂಡೀಪುರದ ಉದಾಹರಣೆ ನೋಡಿ: 2009ರಲ್ಲಿ ಬಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗಿನ ವಾಹನ ಸಂಚಾರ ನಿಷೇಧಕ್ಕೆ ಕೇರಳದ ವಿರೋಧ ಇಂದಿಗೂ ಇದೆ, ಹೈಕೋರ್ಟ್ 2010ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಆ ದಾರಿಯಲ್ಲಿ ಹೋಗುವ ಲಾರಿ ಚಾಲಕ ನಿಷೇಧ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. ಹೊತ್ತು ಖಚಿತ, ಚೆಕ್‌ಪೋಸ್ಟ್ ಖಚಿತ.

ಆಷಾಢದ ತಡೆ ಯಾರಿಗೆ ಗೊತ್ತಿಲ್ಲ, ಪತ್ರಿಕೆಯಲ್ಲಿ ಬರುತ್ತದಲ್ಲ ಎಂಬುದು ಎರಡನೆಯ ಆಕ್ಷೇಪಣೆ. ಪತ್ರಿಕೆಯಲ್ಲಿ ಬರುವುದು ಸ್ಥಳೀಯ ಪ್ರಚಾರವೇ. ಊರಿನವರ ಮಟ್ಟಿಗೆ ಅದು ಸಾಕು ಎಂದು ಒಪ್ಪುತ್ತೇನೆ. ಆದರೆ ಬೆಟ್ಟ ಊರಿನವರದಷ್ಟೇ ಅಲ್ಲ. ತಮಿಳುನಾಡಿನಿಂದ, ಕೇರಳದಿಂದ, ಉತ್ತರ ಕರ್ನಾಟಕದಿಂದ ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಬರುವ ಕುಟುಂಬ ಮೈಸೂರಿನ ಪತ್ರಿಕೆ ಓದಿರುವುದಿಲ್ಲ. ನಗರದ ಹೊರವಲಯದಲ್ಲಿ, ನಂಜನಗೂಡು ರಸ್ತೆಯ ತಿರುವಿನಲ್ಲಿ, ಕನ್ನಡದ ಜೊತೆ ಅವರ ಭಾಷೆಗಳಲ್ಲೂ ಒಂದು ಸಾಲು ಹಾಕಿದರೆ ಅವರು ನೇರವಾಗಿ ಮೈದಾನಕ್ಕೆ ಹೋಗುತ್ತಾರೆ, ಬುಡದಲ್ಲಿ ಬಂದು ಜಗಳ ಆಡುವುದಿಲ್ಲ. ಹೀಗೆ ಹಟ ಹಿಡಿದರೆ ನಿಜವಾದ ತಪ್ಪಿತಸ್ಥರು ಫಲಕ ಕಾಣಲಿಲ್ಲ ಎಂದು ನುಣುಚಿಕೊಳ್ಳುವುದಿಲ್ಲವೇ ಎಂದು ಪೊಲೀಸರ ಪರ ಕೇಳಬಹುದು. ಅವರ ಕೈ ಕಟ್ಟಿಹಾಕುವ ಮಾತೇ ಇಲ್ಲ. ಕಲಂ 119ರ ಪ್ರಕಾರ ಸಂಚಾರ ನಿಯಂತ್ರಣದಲ್ಲಿ ತೊಡಗಿರುವ ಪೊಲೀಸರು ನಿಲ್ಲು ಎಂದರೆ ನಿಲ್ಲಲೇಬೇಕು, ತಿರುಗು ಎಂದರೆ ತಿರುಗಬೇಕು. ಅಲ್ಲಿ ಫಲಕದ ವಾದ ಹೂಡುವುದು ತಪ್ಪು, ಅಪಾಯಕರ ಕೂಡ. ಫಲಕದ ಪ್ರಶ್ನೆ ಏಳುವುದು ಆಮೇಲೆ, ಹೋದದ್ದಕ್ಕೆ ದಂಡ ಹಾಕಿದಾಗ. ಆ ದಂಡ ಸಣ್ಣದಲ್ಲ: 2019ರ ತಿದ್ದುಪಡಿಯ ನಂತರ ಕಲಂ 115ರ ಉಲ್ಲಂಘನೆಗೆ ಕಲಂ 194 ಬರೆದಿರುವ ಮೊತ್ತ 20,000 ರೂಪಾಯಿ. ಸ್ಥಳದಲ್ಲೇ ರಾಜಿಯಾಗಿ ಕಟ್ಟುವ ಮೊತ್ತವನ್ನು ರಾಜ್ಯ ಸರ್ಕಾರ ಬೇರೆಯಾಗಿ ನಿಗದಿ ಮಾಡಬಹುದಾದರೂ, ಇಷ್ಟು ಭಾರದ ಕಲಮನ್ನು ಬಳಸುವವರು ಅದರ ಷರತ್ತನ್ನೂ ಪಾಲಿಸಲಿ ಎನ್ನುವುದು ನ್ಯಾಯ. ದೇವಿಯ ದರ್ಶನಕ್ಕೆ ಅಡ್ಡಿಪಡಿಸಿದರು, ಧರ್ಮದ ಹಕ್ಕು ಹೋಯಿತು ಎಂಬ ದೂರು ಮಾತ್ರ ನಿಲ್ಲುವುದಿಲ್ಲ. ತಡೆ ಇರುವುದು ವಾಹನಕ್ಕೆ, ಬಸ್ಸಿದೆ, ಮೆಟ್ಟಿಲಿದೆ.

ಹಾಗಾದರೆ ಚಲನ್ ಬಂದಾಗ ಏನು ಮಾಡಬೇಕು? ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ದಾಖಲೆ ತೋರಿಸಿ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ಡಿಎಲ್, ಆರ್‌ಸಿಗೆ ಕಾನೂನಿನ ಮಾನ್ಯತೆ ಇದೆ. ಲೈಸೆನ್ಸನ್ನು ವಶಕ್ಕೆ ತೆಗೆದುಕೊಂಡರೆ ಕಲಂ 206ರ ಪ್ರಕಾರ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ, ಲೈಸೆನ್ಸ್ ವಾಪಸು ಸಿಗುವವರೆಗೆ ಅದೇ ನಿಮಗೆ ಆಧಾರ. ಚಲನ್‌ನಲ್ಲಿ ಯಾವ ಕಲಂ ನಮೂದಾಗಿದೆ ಎಂದು ಓದಿ. ಕಲಂ 200ರ ಪ್ರಕಾರ ರಾಜಿದಂಡ ಕಟ್ಟುವುದು ನಿಮ್ಮ ಆಯ್ಕೆ, ಒಪ್ಪದಿದ್ದರೆ ನ್ಯಾಯಾಲಯದಲ್ಲಿ ಹೇಳಿಕೊಳ್ಳುವೆ ಎನ್ನಬಹುದು. ಗಾಡಿ ಓಡಿಸಿದ್ದು ನೀವಲ್ಲ, ನಿಮ್ಮ ಹೆಸರಿನಲ್ಲಿ ನೋಟಿಸ್ ಬಂದಿದೆ ಎಂದಾದರೆ ಸುಮ್ಮನಿರಬೇಡಿ: ಕೇಳಿದಾಗ ಚಾಲಕನ ವಿವರ ಕೊಡುವುದು ಕಲಂ 133ರ ಪ್ರಕಾರ ಮಾಲೀಕರ ಕರ್ತವ್ಯ. ಫಲಕವೇ ಇರಲಿಲ್ಲ ಎನ್ನುವುದು ನಿಮ್ಮ ವಾದವಾದರೆ ಅದೇ ದಿನ ಆ ಜಾಗದ ಫೋಟೊ ತೆಗೆದಿಡಿ, ಹೊತ್ತು ದಾಖಲಾಗುವಂತೆ ನೋಡಿಕೊಳ್ಳಿ. ಆಮೇಲೆ ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 6ರ ಪ್ರಕಾರ 10 ರೂಪಾಯಿ ಶುಲ್ಕದೊಂದಿಗೆ ಆದೇಶ ಹೊರಡಿಸಿದ ಕಚೇರಿಯ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತ, 150 ಪದ ಮೀರುವಂತಿಲ್ಲ, ಆದ್ದರಿಂದ ಮೂರನ್ನಷ್ಟೇ ಕೇಳಿ: ಆ ದಿನದ ನಿರ್ಬಂಧ ಆದೇಶದ ಪ್ರತಿ, ಅದಕ್ಕೆ ಕೊಟ್ಟ ಪ್ರಚಾರದ ದಾಖಲೆ, ಫಲಕ ಹಾಕಿದ ಜಾಗಗಳ ಪಟ್ಟಿ. ಉತ್ತರಕ್ಕೆ 30 ದಿನದ ಗಡುವಿದೆ. ಬರದಿದ್ದರೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮುಂದಿನ 30 ದಿನದೊಳಗೆ ಬರೆಯಬಹುದು.