ಸೊನ್ನೆ, ಕೊಂಬು, ಗುಡಿಸು ಕಸವಲ್ಲ

ತಮ್ಮಾ, ತಂಗೀ, ಹ್ಯಾಸ್ಕೆಲ್ ಕಲಿಯಲು ಕೂತಿದ್ದೀರಿ, ಬಹಳ ಸಂತೋಷ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವವರಿರಲಿ, ದಿನಾ ಬೆಳಗ್ಗೆ ಬಸ್ಸು ಹತ್ತಿ ಕಲಬುರಗಿಯ ಕಾಲೇಜಿಗೆ ಹೋಗುವವರಿರಲಿ, ಒಂದು ಮಾತು ಕಿವಿಗೆ ಹಾಕಿಕೊಳ್ಳಿ. ಪಠ್ಯವನ್ನು ಹಸನು ಮಾಡಲು ಪಾಠದ ಪುಸ್ತಕಗಳು ಸಾಮಾನ್ಯವಾಗಿ ಹೇಳುವ ಉಪಾಯ ಒಂದೇ: ಡೇಟಾ.ಚಾರ್ ಮಾಡ್ಯೂಲಿನಿಂದ ಇಸ್‌ಆಲ್ಫಾ ತಂದುಕೊಳ್ಳಿ, ಫಿಲ್ಟರ್ ಕೈಗೆ ಕೊಡಿ, ಅಕ್ಷರ ಉಳಿದು ಮಿಕ್ಕದ್ದೆಲ್ಲ ಹೋಗುತ್ತದೆ. ಅದೇ ಸಾಲನ್ನು ನಮ್ಮ ಮೂರು ತಾಲ್ಲೂಕುಗಳ ಹೆಸರಿನ ಮೇಲೆ ನಡೆಸಿ ನೋಡಿ. ಆಳಂದ ‘ಆಳದ’ ಆಗುತ್ತದೆ. ಅಫಜಲಪುರ ‘ಅಫಜಲಪರ’ ಆಗುತ್ತದೆ. ಜೇವರ್ಗಿಯಂತೂ ‘ಜವರಗ’ ಆಗಿ ಕೂರುತ್ತದೆ.

ಕಂಪೈಲರ್ ಚಕಾರವೆತ್ತುವುದಿಲ್ಲ. ಟೈಪುಗಳು ಸರಿಯಾಗಿವೆ, ಪ್ರೋಗ್ರಾಮ್ ಓಡಿದೆ, ಕಡತ ಬರೆದಾಗಿದೆ. ‘ಏನ್ ಆಗ್ತದ ಬಿಡ್ರಿ, ಯಾವ ಊರಂತ ತಿಳೀತದಲ್ಲ’ ಎನ್ನುವವರೂ ಇದ್ದಾರೆ. ಊರಿನದು ತಿಳಿದೀತು. ಪಡಿತರ ಚೀಟಿಯಲ್ಲಿ, ಅಂಕಪಟ್ಟಿಯಲ್ಲಿ, ಪಹಣಿಯಲ್ಲಿ ಕೂತಿರುವ ಒಬ್ಬ ಹೆಣ್ಣುಮಗಳ ಹೆಸರು ಹೀಗೆ ಆದರೆ ಆಕೆ ಯಾವ ಕಚೇರಿಯ ಮುಂದೆ ನಿಂತು ‘ಇದು ನಾನೇ’ ಎಂದು ಸಾಬೀತು ಮಾಡಬೇಕು? ನನ್ನನ್ನು ಕಾಡುವುದು ಇದು. ಅದಕ್ಕೇ ಹೇಳುತ್ತಿದ್ದೇನೆ.

ಹೀಗೇಕೆ ಆಗುತ್ತದೆ ಎಂದು ಒಳಹೊಕ್ಕು ನೋಡಿ. ಜಿಎಚ್‌ಸಿಐ ತೆರೆದು ಜೇವರ್ಗಿ ಎಂದು ಬರೆದು ಎಂಟರ್ ಒತ್ತಿದರೆ ಕನ್ನಡ ಕಾಣುವುದಿಲ್ಲ, ಅಂಕಿಗಳ ಸಾಲು ಕಾಣುತ್ತದೆ: 3228, 3271, 3253, 3248, 3277, 3223, 3263. ಗಾಬರಿ ಬೇಡ. ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟಿರುವ ಜಾಗ 3200ರಿಂದ 3327ರವರೆಗೆ. ಹ್ಯಾಸ್ಕೆಲ್ ಆ ಮನೆ ನಂಬರುಗಳನ್ನು ಹೇಳುತ್ತಿದೆ, ಅಷ್ಟೆ. ಅಕ್ಷರವಾಗಿಯೇ ನೋಡಬೇಕಿದ್ದರೆ ಪುಟ್‌ಎಸ್‌ಟಿಆರ್‌ಎಲ್‌ಎನ್ ಬಳಸಿ. ಈಗ ಆ ಸಾಲಿನ ಒಂದೊಂದಕ್ಕೂ ಜನರಲ್‌ಕೆಟಗರಿ ಎಂಬ ಫಂಕ್ಷನ್ನು ಹಚ್ಚಿ. ಯೂನಿಕೋಡ್ ಲೋಕದ ಅಕ್ಷರ, ಚಿಹ್ನೆ, ಅಂಕಿಗಳನ್ನೆಲ್ಲ 30 ಬಗೆಯಾಗಿ ವಿಂಗಡಿಸಿದೆ. ಜ, ವ, ರ, ಗ ನಾಲ್ಕೂ ಅದರ್‌ಲೆಟರ್. ಜಕಾರದ ಮೇಲಿನ ೇ ಸ್ಪೇಸಿಂಗ್‌ಕಂಬೈನಿಂಗ್‌ಮಾರ್ಕ್. ರಕಾರದ ಜೊತೆಗಿನ ್ ಮತ್ತು ಕೊನೆಯ ಗುಡಿಸು ನಾನ್‌ಸ್ಪೇಸಿಂಗ್‌ಮಾರ್ಕ್. ಇಸ್‌ಆಲ್ಫಾ ಹೌದೆನ್ನುವುದು ಹೆಸರು ಲೆಟರ್ ಎಂದು ಮುಗಿಯುವ ಬಗೆಗಳಿಗೆ ಮಾತ್ರ. ಮಾರ್ಕ್ ಎಂದು ಬಂದದ್ದಕ್ಕೆಲ್ಲ ಇಲ್ಲವೆನ್ನುತ್ತದೆ. ಇಂಗ್ಲಿಷಿನಲ್ಲಿ ಸ್ವರವೂ ಬಿಡಿಯಾಗಿ ನಿಲ್ಲುವ ಅಕ್ಷರವೇ ಆದ್ದರಿಂದ ಅಲ್ಲಿ ತೊಂದರೆ ಕಾಣುವುದಿಲ್ಲ. ನಮ್ಮಲ್ಲಿ ಸ್ವರ ವ್ಯಂಜನದ ಮೈಮೇಲೆ ಕೂರುತ್ತದೆ. ತೊಗರಿ ಹಸನು ಮಾಡುವವರು ಕಾಳು ನೋಡಿ ಜರಡಿ ಆರಿಸುತ್ತಾರಲ್ಲ, ಹಾಗೆ ನಿಮ್ಮ ಭಾಷೆ ನೋಡಿ ಫಂಕ್ಷನ್ ಆರಿಸಿ. ಇಸ್‌ಆಲ್ಫಾ ಜೊತೆಗೆ ಇಸ್‌ಮಾರ್ಕ್ ಕೂಡ ಸೇರಿಸಿದರೆ ಮೂರೂ ಊರು ಮೊದಲಿದ್ದಂತೆ ಉಳಿಯುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಗುಡಿಸಿನ ಿ ನಾನ್‌ಸ್ಪೇಸಿಂಗ್, ಅದರದೇ ದೀರ್ಘವಾದ ೀ ಸ್ಪೇಸಿಂಗ್. ೆ ಒಂದು ಕಡೆ, ೇ ಇನ್ನೊಂದು ಕಡೆ. ಅಕ್ಷರದ ಪಕ್ಕದಲ್ಲಿ ಜಾಗ ಹಿಡಿಯುತ್ತದೆಯೋ ಇಲ್ಲವೋ ಎಂಬುದರ ಮೇಲೆ ಹಾಕಿದ ಪಂಕ್ತಿ ಇದು, ವ್ಯಾಕರಣದ ಪಂಕ್ತಿಯಲ್ಲ. ಸೊನ್ನೆಯಂತೂ ಕನ್ನಡದಲ್ಲಿ ಸ್ಪೇಸಿಂಗ್, ಗಡಿಯಾಚೆ ಅಕ್ಕಲಕೋಟೆಯ ಮರಾಠಿ ಬೋರ್ಡಿನ ದೇವನಾಗರಿಯಲ್ಲಿ ನಾನ್‌ಸ್ಪೇಸಿಂಗ್. ಆಳಂದದಂಥ ಗಡಿ ತಾಲ್ಲೂಕಿನಲ್ಲಿ ಎರಡೂ ಲಿಪಿಯ ಹೆಸರು ಒಂದೇ ಕಡತದಲ್ಲಿ ಬರುತ್ತವೆ. ಹಾಗಾಗಿ ಎರಡರಲ್ಲಿ ಯಾವುದೋ ಒಂದು ಬಗೆಯನ್ನು ಮಾತ್ರ ಹೆಸರಿಸಿ ಷರತ್ತು ಬರೆಯಬೇಡಿ.

ಎಣಿಕೆ ಮತ್ತು ತಿರುಗುಮುರುಗು, ಇವೆರಡೂ ಫಂಕ್ಷನಲ್ ಭಾಷೆಯ ಪಾಠದಲ್ಲಿ ಮೊದಲ ದಿನಗಳಲ್ಲೇ ಬರುತ್ತವೆ. ಲೆಂಗ್ತ್ ಕೇಳಿದರೆ ಜೇವರ್ಗಿ ಏಳು. ಬಾಯಿಬಿಟ್ಟು ಓದಿದರೆ ಜೇ, ವ, ರ್ಗಿ, ಮೂರೇ ಅಕ್ಷರ. ಆಳಂದಕ್ಕೆ ರಿವರ್ಸ್ ಹಚ್ಚಿದರೆ ‘ದಂಳಆ’ ಬರುತ್ತದೆ. ಳಕಾರದ ಸೊನ್ನೆ ಹೋಗಿ ದಕಾರಕ್ಕೆ ಅಂಟಿಕೊಳ್ಳುತ್ತದೆ. ವಿಕಟಕವಿ ಹಿಂದು ಮುಂದು ಒಂದೇ ಎಂದು ಶಾಲೆಯ ಮಗುವಿಗೂ ಗೊತ್ತು, ಆದರೆ ಪುಸ್ತಕದ ಪ್ಯಾಲಿಂಡ್ರೋಮ್ ಪ್ರೋಗ್ರಾಮ್ ಅಲ್ಲವೆನ್ನುತ್ತದೆ, ಏಕೆಂದರೆ ತಿರುಗಿಸಿದಾಗ ಗುಡಿಸು ಮೊದಲು ಬಂದು ವಕಾರ ಹಿಂದಾಗುತ್ತದೆ. ಇದಕ್ಕೆ ದೊಡ್ಡ ಲೈಬ್ರರಿ ಹುಡುಕುವ ಮೊದಲು ಕೈಯಾರೆ ಬರೆದು ನೋಡಿ. ಗ್ರೂಪ್‌ಬೈ ಫಂಕ್ಷನ್ನಿಗೆ ‘ಮುಂದಿನದು ಮಾರ್ಕ್ ಆಗಿದ್ದರೆ ಇದೇ ಗುಂಪಿಗೆ ಸೇರಿಸು’ ಎಂಬ ಒಂದೇ ನಿಯಮ ಕೊಡಿ. ಜೇ, ವ, ರ್, ಗಿ ಎಂದು ನಾಲ್ಕು ತುಂಡು ಬರುತ್ತವೆ. ಆಮೇಲೆ ್ ಗುರುತಿನಿಂದ ಮುಗಿಯುವ ತುಂಡಿನ ಹಿಂದೆಯೇ ವ್ಯಂಜನದ ತುಂಡಿದ್ದರೆ ಎರಡನ್ನೂ ಕೂಡಿಸಿ. ಮೂರಾಯಿತು. ಈಗ ಎಣಿಸಿ, ಈಗ ತಿರುಗಿಸಿ. ವಿಕಟಕವಿ ತನ್ನ ಜಾಗಕ್ಕೆ ಬರುತ್ತಾನೆ.

ಯೂನಿಕೋಡಿನ 30 ಬಗೆಯೇ ಕೊನೆಯ ಮಾತೆಂದು ತಿಳಿಯಬೇಡಿ. ನಮ್ಮಲ್ಲಿ ಈ ವಿಂಗಡಣೆ ಹಳೆಯದು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅಕ್ಷರಗಳ ವಿಚಾರವನ್ನೇ ಮೊದಲು ಎತ್ತಿಕೊಂಡವನು. ಸ್ವರ, ವರ್ಗೀಯ ವ್ಯಂಜನ, ಅವರ್ಗೀಯ ವ್ಯಂಜನ, ಯೋಗವಾಹ ಎಂದು ನೀವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀರಲ್ಲ, ಅದನ್ನೇ ಹ್ಯಾಸ್ಕೆಲ್‌ನಲ್ಲಿ ಒಂದು ಡೇಟಾ ಟೈಪ್ ಮಾಡಿ. ಅವುಗಳ ಜೊತೆ ಸ್ವರಚಿಹ್ನೆ, ್ ಗುರುತು, ಅಂಕಿ, ಇತರೆ ಎಂದು ಸೇರಿಸಿಕೊಳ್ಳಿ. ಎಚ್ಚರಿಕೆಗಳನ್ನು ಚಾಲೂ ಇಟ್ಟರೆ, ಒಂದು ಬಗೆಯನ್ನು ಮರೆತು ಫಂಕ್ಷನ್ ಬರೆದಾಗ ಕಂಪೈಲರೇ ಹೇಳುತ್ತದೆ. ಈ ಭಾಷೆಯನ್ನು ನಾನು ಮೆಚ್ಚುವುದು ಇದಕ್ಕೇ. ಒಂದು ತೊಡಕಿದೆ: ಕನ್‌ಸ್ಟ್ರಕ್ಟರ್ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕೆಂಬುದು ಹ್ಯಾಸ್ಕೆಲ್ ನಿಯಮ, ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ. ಹೆಸರನ್ನು ರೋಮನ್ ಅಕ್ಷರದಲ್ಲೇ ಬರೆಯಿರಿ.

ಪಟ್ಟಿಯಲ್ಲಿರುವ ಹೆಸರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಫಜಲಪುರದ ಫಕಾರಕ್ಕಾಗಿ ಯೂನಿಕೋಡ್ ಪಟ್ಟಿಯಲ್ಲಿ ‘ಕನ್ನಡ ಲೆಟರ್ ಫಾ’ ಎಂದು ಹುಡುಕಿದರೆ 3294 ಸಿಗುತ್ತದೆ. ಅದು ಹಳಗನ್ನಡದ ೞ. ಹೆಸರು ಇಡುವಾಗ ಆದ ತಪ್ಪು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬ ನಿಯಮವಿರುವುದರಿಂದ ಪಕ್ಕದಲ್ಲಿ ಸರಿಯಾದ ಹೆಸರೊಂದನ್ನು ಕೊಟ್ಟು ಬಿಟ್ಟಿದ್ದಾರೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಆ ಕಾಲದ ಶಾಸನಗಳನ್ನು ಟೈಪು ಮಾಡುವ ಕೆಲಸ ಮುಂದೆ ನಿಮ್ಮಲ್ಲೊಬ್ಬರ ಪಾಲಿಗೆ ಬಂದರೆ ಈ 3294 ನೆನಪಿರಲಿ.

ಇನ್ನು ಕಣ್ಣಿಗೆ ಕಾಣದವು. ಅಫ್ಜಲ್‌ಪುರ ಎಂದು ಬರೆಯುವವರು ಲ್ ಮತ್ತು ಪು ಒತ್ತಕ್ಷರವಾಗಿ ಬೆಸೆಯದಂತೆ ನಡುವೆ 8204ನೆಯ ಸಂಕೇತ ಇಟ್ಟಿರುತ್ತಾರೆ. ಅದರ ಬಗೆ ಫಾರ್ಮ್ಯಾಟ್. ಅದು ಅಕ್ಷರವಲ್ಲ, ಮಾರ್ಕ್ ಕೂಡ ಅಲ್ಲ. ಇಸ್‌ಪ್ರಿಂಟ್ ಎಂಬ ಫಂಕ್ಷನ್ ಕೂಡ ಅದನ್ನು ಬೇಡವೆನ್ನುತ್ತದೆ. ತೆಗೆದರೆ ಹೆಸರು ‘ಅಫ್ಜಲ್ಪುರ’ ಎಂದು ಬೆಸೆಯುತ್ತದೆ. ಹುಡುಕಾಟಕ್ಕೆ ಬೇಕಾದ ನಕಲಿನಲ್ಲಿ ತೆಗೆಯಿರಿ, ಅಚ್ಚಿಗೆ ಹೋಗುವ ಪ್ರತಿಯಲ್ಲಿ ಇರಗೊಡಿ. ಜೇವರ್ಗಿಯ ೇ ಕೂಡ ಎರಡು ಬಗೆಯಲ್ಲಿ ಬರಬಹುದು: ಒಂದೇ ಸಂಕೇತವಾಗಿ, ಇಲ್ಲವೇ ೆ ಮತ್ತು ದೀರ್ಘದ ಗುರುತು ಎರಡಾಗಿ. ತೆರೆಯ ಮೇಲೆ ಎರಡೂ ಒಂದೇ, ಹೋಲಿಸಿ ನೋಡಿದರೆ ಬೇರೆ. ಬಗೆ ವಿಂಗಡಿಸುವ ಮೊದಲು ಎರಡನ್ನೂ ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಕೊಳ್ಳಿ. ಯೂನಿಕೋಡ್-ಟ್ರಾನ್ಸ್‌ಫಾರ್ಮ್ಸ್ ಎಂಬ ಪ್ಯಾಕೇಜ್ ಆ ಕೆಲಸ ಮಾಡುತ್ತದೆ.

ಅಂಕಿಯ ವಿಷಯ ಚಿಕ್ಕದು. ಸರ್ವೆ ನಂಬರನ್ನು ೪೫ ಎಂದು ಬರೆದಿದ್ದರೆ ಇಸ್‌ಡಿಜಿಟ್ ಅದನ್ನು ಅಂಕಿಯೆಂದೇ ಒಪ್ಪುವುದಿಲ್ಲ, ಡಿಜಿಟ್‌ಟುಇಂಟ್ ಎರರ್ ಕೊಟ್ಟು ನಿಲ್ಲುತ್ತದೆ. ಇಸ್‌ನಂಬರ್ ಒಪ್ಪುತ್ತದೆ. ಕನ್ನಡದ ಅಂಕಿಯೆಂದು ಖಚಿತವಾದ ಮೇಲೆ ಬೆಲೆ ತಿಳಿಯಲು ಸಂಕೇತದಿಂದ 3302 ಕಳೆಯಿರಿ.

ಹಳೆಯ ಕಡತಗಳ ಬಗ್ಗೆ ಮಾತ್ರ ತುಸು ಹೆಚ್ಚು ಎಚ್ಚರ ಬೇಕು. ಡಿಟಿಪಿ ಅಂಗಡಿಗಳಲ್ಲಿ, ಪಂಚಾಯಿತಿಗಳಲ್ಲಿ, ಮಠಗಳ ಪ್ರಕಟಣೆಗಳಲ್ಲಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಕೂಡಿಸಿದ ಪುಟಗಳು ರಾಶಿ ಇವೆ. ಅಲ್ಲಿ ಕನ್ನಡದ ಆಕಾರಗಳು ಕೂತಿರುವುದು ಲ್ಯಾಟಿನ್ ಅಕ್ಷರಗಳ ಮನೆಯಲ್ಲಿ. ಜನರಲ್‌ಕೆಟಗರಿ ಕೇಳಿದರೆ ಅಪ್ಪರ್‌ಕೇಸ್, ಲೋವರ್‌ಕೇಸ್ ಎಂದು ಉತ್ತರ ಬರುತ್ತದೆ, ಇಸ್‌ಆಲ್ಫಾ ಹಲವಕ್ಕೆ ಹೌದೆನ್ನುತ್ತದೆ, ವಿರಾಮಚಿಹ್ನೆ ಮುಂತಾದ ಚಿಹ್ನೆಗಳ ಮನೆಯಲ್ಲಿರುವ ಆಕಾರಗಳು ಮಾತ್ರ ಸದ್ದಿಲ್ಲದೆ ಮಾಯವಾಗುತ್ತವೆ. ಅಂಥ ಕಡತ ಕೈಗೆ ಬಂದರೆ ಮೊದಲು ಮೂಲವನ್ನು ಬೇರೆ ಫೋಲ್ಡರಿನಲ್ಲಿ ಮುಟ್ಟದೆ ಇಡಿ, ನಕಲನ್ನು ಯೂನಿಕೋಡಿಗೆ ಪರಿವರ್ತಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಕನ್ನಡ ಚೆನ್ನಾಗಿ ಓದಬಲ್ಲ ಒಬ್ಬರ ಕೈಯಲ್ಲಿ ಹೆಸರುಗಳನ್ನು ಒಂದೊಂದಾಗಿ ಓದಿಸಿ. ಅಷ್ಟಾದ ಮೇಲೆ ಫಿಲ್ಟರ್ ಬರೆಯಲು ಕೂತುಕೊಳ್ಳಿ.