ದೊರೆತ ನೆಲೆ ಮತ್ತು ಸಾಕ್ಷ್ಯದ ಬೆಲೆ

ಹೈದರಾಬಾದಿನ ಸಾರ್ವಜನಿಕ ಉದ್ಯಾನದಲ್ಲಿರುವ ರಾಜ್ಯ ವಸ್ತುಸಂಗ್ರಹಾಲಯಕ್ಕೆ ಬಂದವರು ಮೊದಲು ಅರಸುವುದು ಈಜಿಪ್ಟಿನ ಮಮ್ಮಿಯನ್ನು. ಆರನೆಯ ನಿಜಾಮರ ಅಳಿಯ ನಜೀರ್ ನವಾಜ್ ಜಂಗ್ ಅದನ್ನು 1920ರ ಸುಮಾರಿನಲ್ಲಿ ಕೊಂಡು ತಂದರೆಂದೂ ಏಳನೆಯ ನಿಜಾಮರು 1930ರಲ್ಲಿ ಸಂಗ್ರಹಾಲಯಕ್ಕೆ ಒಪ್ಪಿಸಿದರೆಂದೂ ಪ್ರತೀತಿ. ಪ್ರಾಚೀನ ಈಜಿಪ್ಟಿನ ಶವಸಂಸ್ಕಾರವನ್ನು ತಿಳಿಯಲು ಅದು ನೆರವಾಗುತ್ತದೆ. ದಖ್ಖನಿಗೂ ಮೆಡಿಟರೇನಿಯನ್ ಜಗತ್ತಿಗೂ ಹಿಂದೆ ಇದ್ದ ಸಂಬಂಧಕ್ಕೆ ಮಾತ್ರ ಅದು ಸಾಕ್ಷಿಯಾಗಲಾರದು. ಅದು ಇಲ್ಲಿಗೆ ಬಂದುದು ಇಪ್ಪತ್ತನೆಯ ಶತಮಾನದ ಖರೀದಿಯಿಂದ.

ಅಂತಹ ಸಂಬಂಧದ ಸಾಕ್ಷ್ಯ ದೊರೆಯುವುದು ಉತ್ಖನನದ ನೆಲೆಗಳಲ್ಲಿ. ಹೈದರಾಬಾದಿಗೆ ಸಮೀಪದ ಕೊಂಡಾಪುರದಲ್ಲಿ ನಿಜಾಮ ಸರ್ಕಾರದ ಪುರಾತತ್ತ್ವ ಇಲಾಖೆ 1940ರ ದಶಕದ ಆರಂಭದಲ್ಲಿ ಅಗೆತ ನಡೆಸಿದಾಗ ಶಾತವಾಹನರ ನಾಣ್ಯಗಳೊಡನೆ ರೋಮಿನ ಅಗಸ್ಟಸನ ಚಿನ್ನದ ನಾಣ್ಯವೊಂದು ದೊರೆಯಿತು. ಕರ್ನಾಟಕದ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದರು. ಅಲ್ಲಿ ಕ್ರಿ.ಶ. 14ರಿಂದ 37ರವರೆಗೆ ಆಳಿದ ತಿಬೇರಿಯಸನ ಬೆಳ್ಳಿಯ ನಾಣ್ಯ ಸಿಕ್ಕಿದೆ. ನಾಣ್ಯ ಸಿಕ್ಕ ಮಣ್ಣಿನ ಪದರ, ಕಲಕದೆ ಉಳಿದಿದ್ದರೆ, ಅದು ಅಚ್ಚಾದ ಕಾಲಕ್ಕಿಂತ ಹಿಂದಿನದಾಗದು. ನಾಣ್ಯ ಬಹುಕಾಲ ಕೈಯಿಂದ ಕೈಗೆ ಸಾಗಿರಬಹುದಾದುದರಿಂದ ಪದರ ಈಚಿನದಾಗಿರಬಹುದು. ನಾಣ್ಯವನ್ನು ನೆಲದಿಂದ ಕಿತ್ತು ಅಂಗಡಿಗೆ ಒಯ್ದರೆ ಈ ತರ್ಕವೇ ಇಲ್ಲವಾಗುತ್ತದೆ.

ಕನ್ನಡದ ಪ್ರಾಚೀನತೆಯ ಚರ್ಚೆಗೂ ಈ ವಿವೇಕ ಅಗತ್ಯ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಶೋಧಿಸಿ 1903ರಲ್ಲಿ ಪ್ರಕಟಿಸಿದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತೀಯ ಪಾತ್ರಗಳು ಆಡುವ ಅಪರಿಚಿತ ಮಾತುಗಳಿವೆ. ಅವು ಕನ್ನಡವೆಂದು ಹುಲ್ಟ್ಶ್ 1904ರಲ್ಲಿ ಸೂಚಿಸಿದರು, ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮುಂತಾದವರು ಚರ್ಚೆಯನ್ನು ಬೆಳೆಸಿದರು. ಇಲ್ಲಿ ದೊರೆತ ನೆಲೆ ನಿಶ್ಚಿತ, ಓದು ವಿವಾದಾಸ್ಪದ. ಗ್ರೀಕ್ ಲಿಪಿಕಾರನು ತನಗೆ ತಿಳಿಯದ ಧ್ವನಿಗಳನ್ನು ಎಷ್ಟು ಸರಿಯಾಗಿ ಬರೆದಿದ್ದಾನೆ, ಪದಗಳನ್ನು ಎಲ್ಲಿ ಬಿಡಿಸಬೇಕು ಎಂಬ ಪ್ರಶ್ನೆಗಳು ಬಗೆಹರಿದಿಲ್ಲ. ಆದುದರಿಂದ ಅದನ್ನು ಹಲ್ಮಿಡಿ ಶಾಸನದ ಪಂಕ್ತಿಯಲ್ಲಿ ನಿಲ್ಲಿಸುವುದು ಶಾಸ್ತ್ರಸಮ್ಮತವಲ್ಲ.

ಮಮ್ಮಿಯ ಇರವು ನಿಜ, ಇಲ್ಲಿನ ನೆಲೆ ಅದರದಲ್ಲ. ನಾಣ್ಯಕ್ಕೆ ಎರಡೂ ಉಂಟು. ಪಪೈರಸ್ಸಿಗೆ ನೆಲೆಯುಂಟು, ಅರ್ಥ ಇನ್ನೂ ಸಿದ್ಧಿಸಬೇಕು. ಸಂಗ್ರಹಾಲಯದಿಂದ ಹೊರಬರುವ ಕನ್ನಡ ವಿದ್ಯಾರ್ಥಿ ಈ ಭೇದವನ್ನು ಮನಗಂಡರೆ, ನುಡಿಯ ಮೇಲಿನ ಅಭಿಮಾನವು ಸಂಶೋಧನೆಗೆ ತೊಡಕಾಗದೆ ಪ್ರೇರಣೆಯಾಗುತ್ತದೆ.